ಗಡಿಗೆಯ ಹೊಟ್ಟೆ ತಣ್ಣಗಿರಲಿ

ನನಗೊಂದು ಚಾಳಿ ಇದೆ. ಯಾರ ಮನೆಗೆ ಹೋದರೂ, ಅವರು ಕೂಡ್ರಿ ಅನ್ನುವ ಮೊದಲೇ ಮೂಲೆಯ ನೀರಿನ ಗಡಿಗೆಯ ಹತ್ತಿರ ಹೋಗಿ ಅದರ ಹೊಟ್ಟೆಯನ್ನು ಹಿಂಗೈಯಿಂದ ಮುಟ್ಟಿ ನೋಡುತ್ತೇನೆ. ತಣ್ಣಗಿದ್ದರೆ ಆ ಮನೆಯವರ ಮೇಲೆ ಗೌರವ ಹುಟ್ಟುತ್ತದೆ. ಬೆಚ್ಚಗಿದ್ದರೆ ಬಾಯಿ ಸುಮ್ಮನಿರುವುದಿಲ್ಲ: ಜಾಗ ಬದಲಿಸಿ, ಅಡಿಗೆ ಮರಳು ಹಾಕಿ, ಹಸಿ ಗೋಣಿ ಸುತ್ತಿ ಎಂದು ಕೇಳದಿದ್ದರೂ ಹೇಳಿಬಿಡುತ್ತೇನೆ. ಹೋದ ವಾರ ನೆಂಟರ ಹುಡುಗನಿಗೆ ಹೆಣ್ಣು ನೋಡಲು ಹೋಗಿದ್ದೆವು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದಾಗ ನಾನು ಗಡಿಗೆಯ ಹತ್ತಿರ ಬಗ್ಗಿದ್ದೆ. ವಾಪಸು ಬರುವ ದಾರಿಯಲ್ಲಿ ನನ್ನ ಹೆಂಡತಿ ನೀಲಮ್ಮ ಶುರುಮಾಡಿದಳು.

"ಅಲ್ರೀ, ಹುಡುಗಿ ಹ್ಯಾಂಗದಾಳ ಅಂತ ಕೇಳಿದ್ರ ಗಡಿಗಿ ಬೆಚ್ಚಗೈತಿ ಅಂತೀರಲ್ಲ, ಮಂದಿ ಏನಂದಾರು?"

"ಗಡಿಗಿ ತಣ್ಣಗ ಇಡಾಕ ಬರದವರು ಮನಿ ತಣ್ಣಗ ಇಡ್ತಾರೇನು?"

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಒಂದು ಕಾಲಕ್ಕೆ ಇಂಥದೇ ಒಂದು ಬೆಚ್ಚಗಿನ ಗಡಿಗೆಯ ದೆಸೆಯಿಂದ ಅವಳೂ ನನ್ನ ಚೊಚ್ಚಲ ಕೂಸೂ ನನ್ನ ಮನೆಗೆ ಬರುವುದೇ ತಪ್ಪಿಹೋಗುವುದರಲ್ಲಿತ್ತು. ಆಗ ಅತ್ತಿದ್ದಳು. ಈಗ ನಗುತ್ತಾಳೆ. ಹೆಂಗಸರಿಗೆ ಕಾಲ ಕಳೆದ ಮೇಲೆ ಎಲ್ಲವೂ ಗಂಡನನ್ನು ಕಿಚಾಯಿಸುವ ಸರಕು.

ಈ ಚಾಳಿ ಹತ್ತಿದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಮಸ್ತಾನ್ ಸಾಬರ ಛಪ್ಪರದ ಕೆಳಗೆ. ಸಾಬರು ದಂಡಿನ ಸೋಜರಿಗೆ, ಅಂದರೆ ಬಿಳಿಯ ಸಿಪಾಯಿಗಳಿಗೆ, ಶುಂಠಿ ಬೀರು ಮಾಡಿಕೊಡುತ್ತಿದ್ದರು. ಹೆಸರು ಕೇಳಿ ಹೆದರಬೇಡಿ. ಜಜ್ಜಿದ ಶುಂಠಿ, ಬೆಲ್ಲ, ನಿಂಬೆರಸ, ನೀರು. ಜೊತೆಗೆ ನಾವು 'ತಾಯಿ' ಎಂದು ಕರೆಯುವ ಒಂದು ಹಿಡಿ ಹೆಪ್ಪು. ನೋಡಲು ನೆನೆಸಿದ ಸಬ್ಬಕ್ಕಿಯ ಹಾಗೆ ಬೆಳ್ಳಗೆ, ಲೊಳಲೊಳ. ಹಿಂದಿನ ಗಡಿಗೆಯಿಂದ ತೆಗೆದಿಟ್ಟ ಆ ಹಿಡಿಯನ್ನು ಹೊಸ ಗಡಿಗೆಗೆ ಬಿಟ್ಟರೆ ಎರಡು ದಿನಕ್ಕೆ ನೀರಿನೊಳಗೆ ಜೀವ ಬರುತ್ತದೆ, ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಕುಡಿದರೆ ಮೂಗಿನೊಳಗೆ ಜುಮ್ಮೆನ್ನುತ್ತದೆ, ಹೊಟ್ಟೆ ಹಗುರಾಗುತ್ತದೆ, ತಲೆ ಇದ್ದಲ್ಲೇ ಇರುತ್ತದೆ.

ನಾನು ಸಿರುಗುಪ್ಪದ ಕಡೆಯವನು. ಕೆಂಚನಗುಡ್ಡದ ಹತ್ತಿರ ಹೊಳೆಯ ದಂಡೆಯಲ್ಲೇ ನಮ್ಮ ಮನೆ ಇತ್ತು. ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತ ತಿದ್ದುತ್ತ ಒತ್ತಕ್ಷರದ ಹೊಸ್ತಿಲಿಗೆ ಬಂದಾಗ ಸಾಲಿ ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ ಐಗಳೇ ಕೈಬಿಟ್ಟರು. "ಲೇ, ನಿನ್ನ ತಲ್ಯಾಗ ಬರೇ ಗಾಳಿ ತುಂಬೈತಿ ನೋಡು" ಅಂದಿದ್ದರು. ತಪ್ಪೇನಿಲ್ಲ. ಮುಂದೆ ಗಾಳಿಯನ್ನೇ ಸೀಸೆಗಳಲ್ಲಿ ತುಂಬಿ ಬಾಳಿದೆ, ಯಾರ ಮುಂದೂ ಕೈ ಒಡ್ಡಲಿಲ್ಲ. ಉಳಿದ ಒತ್ತಕ್ಷರಗಳನ್ನು ಸೀಸೆಗೆ ಅಂಟಿಸುವ ಚೀಟಿ ಬರೆಯುತ್ತ ಕಲಿತೆ. ಆ ಮಠದಿಂದ ನೆನಪಿರುವುದು ಒಂದೇ: ಮೇಲಿನ ಮರಳು ಕೆಂಡವಾಗಿದ್ದರೂ ಒಂದು ಗೇಣು ಕೆದರಿದರೆ ಒಳಗೆ ತಂಪು. ನಮ್ಮವ್ವ ಅಂಬಲಿಯ ಮೊಗೆಯನ್ನು ಹೊಳೆಯ ಹಸಿ ಮರಳಿನಲ್ಲಿ ಕುತ್ತಿಗೆಯವರೆಗೆ ಹೂತಿಟ್ಟು ಹೊಲಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಬಂದು ಕಿತ್ತು ಕುಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಹುಟ್ಟಿದಾರಭ್ಯ ಕಂಡ ಇಂಥ ವಿದ್ಯೆಯನ್ನು ಬೇಕಾದ ದಿನವೇ ಮರೆತ ಮಹಾಪಂಡಿತ ನಾನು. ಅದನ್ನೇ ಹೇಳಲು ಹೊರಟಿದ್ದೇನೆ.

ಮೀಸೆ ಮೂಡುವ ಹೊತ್ತಿಗೆ ಬಳ್ಳಾರಿ ಸೇರಿ ಸಾಬರ ಕೈಕೆಳಗೆ ಕೆಲಸಕ್ಕೆ ನಿಂತೆ. ಆ ಊರಿನ ಬಿಸಿಲಿನ ಬಗ್ಗೆ ಹೇಳುವುದೇನಿದೆ! ಊರ ನಡುವಿನ ಆ ಬೋಳು ಗುಡ್ಡ ಹಗಲೆಲ್ಲ ಬಿಸಿಲು ನುಂಗಿ, ಜನ ಅಂಗಳದಲ್ಲಿ ಮೈಚಾಚುವ ಹೊತ್ತಿಗೆ ಸರಿಯಾಗಿ ಉಗುಳಲು ಶುರುಮಾಡುತ್ತದೆ. ಇಂಥ ಊರಲ್ಲಿ ಗಡಿಗೆಯನ್ನು ಎರಡು ದಿನ ಹದವಾಗಿ ಹುಳಿಯಲು ಇಡುವುದೆಂದರೆ ಸಿಟ್ಟಿನ ಮುದುಕಿಯನ್ನು ಮನೆಯಲ್ಲಿ ಇಟ್ಟುಕೊಂಡ ಹಾಗೆ. ಸಾಬರು ಮೊದಲ ದಿನವೇ ನನ್ನ ಕೈ ಹಿಡಿದು ಗಡಿಗೆಯ ಮೇಲೆ ಇಟ್ಟಿದ್ದರು.

"ಅಂಗೈ ಸುಳ್ಳು ಹೇಳ್ತೈತಿ ಬೇಟಾ. ದುಡಿದು ದುಡಿದು ಅದರ ಚರ್ಮ ದಪ್ಪ ಆಗಿರ್ತೈತಿ. ಹಿಂಗೈ ಕೇಳು, ಅದು ಖರೆ ಹೇಳ್ತೈತಿ. ತಾಯಿಗೆ ಸಿಟ್ಟು ಬರೋಕ್ಕಿಂತ ಮೊದಲ ಗೊತ್ತಾಗಬೇಕು."

ತಾಯಿಗೆ ಸಿಟ್ಟು ಬಂದದ್ದನ್ನೂ ನೋಡಿದೆ. ಒಂದು ಮಧ್ಯಾಹ್ನ ಗೋಣಿಗೆ ನೀರು ಹಾಕುವುದನ್ನು ಮರೆತು ನಿದ್ದೆ ಹೋಗಿದ್ದೆ. ಬಿರಡೆ ಕಟ್ಟಿಟ್ಟ ಸೀಸೆಗಳು ಒಂದರ ಹಿಂದೊಂದು ಢಂ ಢಂ ಎಂದು ಸಿಡಿದವು. ಪಕ್ಕದ ಕ್ಷೌರದ ಕಟ್ಟೆಯ ಮೇಲೆ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವನೊಬ್ಬ, ಸೋಜರು ಗುಂಡು ಹಾರಿಸುತ್ತಿದ್ದಾರೆಂದು ಎದ್ದು ಓಡಿದ. ಉಳಿದರ್ಧಕ್ಕೆ ಮಾರನೆಯ ದಿನ ಬಂದ. ಇನ್ನೊಂದು ಸಲ ಸಾಬರು ಸಿಡಿಮದ್ದಿಗೆ ಹಾಕುವ ಪೆಟ್ಲುಪ್ಪು ತಂದು ನೀರಿಗೆ ಕದಡಿ, ಅದರಲ್ಲಿ ಗಡಿಗೆ ಇಳಿಸಿದರು. ಪೆಟ್ಲುಪ್ಪು ಕರಗುವಾಗ ನೀರು ಮಂಜಿನಂತೆ ತಣ್ಣಗಾಗುತ್ತದೆ. ಎಷ್ಟು ತಣ್ಣಗೆಂದರೆ, ಹಬ್ಬದ ಊಟ ಉಂಡ ಅಳಿಯನ ಹಾಗೆ ತಾಯಿ ಮಲಗಿಬಿಟ್ಟಳು. ನಾಲ್ಕು ದಿನವಾದರೂ ಒಂದು ಗುಳ್ಳೆ ಏಳಲಿಲ್ಲ. ಅತಿ ತಂಪೂ ಬೇಡ, ಬಿಸಿಯಂತೂ ಬೇಡವೇ ಬೇಡ. ಮಣ್ಣಿನ ನೆಲದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಹಸಿ ಮರಳು ತುಂಬಿ, ಅದರಲ್ಲಿ ಗಡಿಗೆ ಕೂರಿಸಿ ಮೇಲೆ ಗೋಣಿ ಸುತ್ತುವುದು, ಇದೇ ಕೊನೆಗೆ ನಮಗೆ ಒಗ್ಗಿದ ದಾರಿ.

ಸಾಬರು ಮುಪ್ಪಾಗಿ ಕೆಲಸ ನಿಲ್ಲಿಸಿದ ಮೇಲೆ ಅವರ ಆಶೀರ್ವಾದದಿಂದ ನಾನೇ ಒಂದು ಛಪ್ಪರ ಹಾಕಿದೆ. ಕುರುಗೋಡಿನ ನೀಲಮ್ಮನನ್ನು ಮದುವೆಯಾದೆ. ನಮ್ಮ ಮಾವ ಚನ್ನಬಸಪ್ಪನವರು ಮೂರು ಹೊತ್ತು ಲಿಂಗಪೂಜೆ ಮಾಡುವ, ಮಾತು ಕಡಿಮೆ ಆಡುವ ರೈತರು. ಸಂಬಂಧ ಮಾತಾಡುವಾಗ ಅವರು ಉದ್ಯೋಗ ಕೇಳಿದರು. ನಾನು ಎದೆಯುಬ್ಬಿಸಿ "ಶುಂಠಿ ವ್ಯಾಪಾರ" ಅಂದೆ. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅವರು ಒಣಶುಂಠಿಯ ಚೀಲಗಳನ್ನು ಕಲ್ಪಿಸಿಕೊಂಡು ಸಂತೋಷಪಟ್ಟರು.

ನೀಲಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಹೆಣ್ಣು ಕೂಸು ಹುಟ್ಟಿತು. ಐದನೇ ತಿಂಗಳಿಗೆ ತೊಟ್ಟಿಲ ಜೊತೆ ಕಳಿಸುವುದು ಪದ್ಧತಿ. ಯುಗಾದಿ ಕಳೆದ ಮೇಲೆ ನಾನು ಬಂಡಿ ಕಟ್ಟಿಕೊಂಡು ಕುರುಗೋಡಿಗೆ ಹೋದೆ. ಮಾವ ಕಟ್ಟೆಯ ಮೇಲೆ ಕೂತಿದ್ದರು.

"ಬರ್ರಿ ಅಳಿಯಂದಿರ. ನೀರು ಕುಡೀರಿ, ಊಟ ಮಾಡ್ರಿ. ಆದ್ರ ಬಂಡಿ ಮಾತ್ರ ಖಾಲಿ ಹೊಡ್ಕೊಂಡು ಹೋಗ್ರಿ."

"ಯಾಕ್ರೀ ಮಾವ?"

"ನೀವು ಸೋಜರಿಗೆ ಹೆಂಡ ಮಾಡಿ ಕೊಡ್ತೀರಂತ. ಬಳ್ಳಾರಿ ಸಂತಿಗೆ ಹೋದವರು ಕಣ್ಣಾರೆ ನೋಡ್ಯಾರ. ಗಡಿಗಿ ತುಂಬ ನೊರಿ ಇತ್ತಂತ."

"ಅದು ಹೆಂಡ ಅಲ್ರೀ. ಶುಂಠಿ ನೀರು."

"ಗಡಿಗ್ಯಾಗ ಹುಳಿಯಾಕ ಇಡೋದು, ನೊರಿ ಬರೋದು, ಸೋಜರು ಕುಡಿಯೋದು. ಹೆಂಡಕ್ಕ ಇನ್ನೇನು ಕೋಡು ಇರ್ತಾವೇನು?"

ಒಳಗಿನಿಂದ ನೀಲಮ್ಮ, "ಯಪ್ಪಾ, ನಾನೂ ಕುಡದೀನಿ, ಏನೂ ಆಗೂದಿಲ್ಲ" ಅಂದಳು. ಅದರಿಂದ ಕೇಸು ಇನ್ನೂ ಕೆಟ್ಟಿತು.

ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ನನ್ನ ದುಡಿಮೆಯನ್ನು ಹೆಂಡ ಅಂದವರನ್ನು ಅದುವರೆಗೆ ಸುಮ್ಮನೆ ಬಿಟ್ಟವನಲ್ಲ. "ಒಂದು ಗಡಿಗಿ ತಂದು ನಿಮ್ಮ ಮುಂದ ಇಡ್ತೀನಿ, ಕುಡುದು ಹೇಳ್ರಿ" ಅಂದೆ.

ಮಾವ ತಲೆ ಆಡಿಸಿದರು. "ಅಲ್ಲಿಂದ ತರೋದು ಬ್ಯಾಡ. ಇಲ್ಲೇ, ನಮ್ಮ ಬಾವಿ ನೀರಾಗ, ನನ್ನ ಕಣ್ಣ ಮುಂದ ಮಾಡ್ರಿ. ನಾನ ಕುಡೀತೀನಿ. ಹೆಂಡದ ವಾಸನಿ ಬಂತೋ, ನೀವು ಆ ಧಂದೆ ಬಿಡೋಮಟ ಮಗಳು, ಮೊಮ್ಮಗಳು ಇಲ್ಲೇ ಇರ್ತಾರ."

ಒಪ್ಪಿ ಖಾಲಿ ಬಂಡಿಯಲ್ಲಿ ಬಳ್ಳಾರಿಗೆ ವಾಪಸು ಬಂದೆ. ಮೂರನೇ ದಿನ ಬೆಳಗಿನ ಜಾವ ತಾಯಿಯನ್ನು ಒಂದು ಸಣ್ಣ ಮೊಗೆಯಲ್ಲಿ ಹಾಕಿ, ಹಸಿ ಬಟ್ಟೆ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಂಡಿ ಹತ್ತಿದೆ. ಕೊಳಗಲ್ಲಿನ ಬಾವಿಯಲ್ಲಿ ಬಟ್ಟೆಯನ್ನು ಮತ್ತೆ ತೋಯಿಸಿದೆ. ಐದಾರು ಹರದಾರಿ ದಾರಿಯುದ್ದಕ್ಕೂ ಆ ಮೊಗೆಗೆ ನನ್ನ ನೆರಳನ್ನೇ ಹಿಡಿದೆ. ಕೂಸನ್ನು ಕರೆತರಲು ಹೊರಟವನು ಕೂಸಿನ ಹಾಗೆ ಇನ್ನೇನನ್ನೋ ಎತ್ತಿಕೊಂಡು ಹೋಗುತ್ತಿರುವುದನ್ನು ಕಂಡು ಬಂಡಿಯವನು ಹಾದಿಯುದ್ದಕ್ಕೂ ಮೀಸೆಯಲ್ಲೇ ನಕ್ಕ.

ಇಲ್ಲಿ ನಮ್ಮ ಅತ್ತೆಯ ಬಗ್ಗೆ ಹೇಳಬೇಕು. ನಮ್ಮ ಕಡೆ ಅತ್ತೆ ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು, ಹೇಳಬೇಕಾದ್ದನ್ನು ಬೇರೆ ಯಾರಿಗೋ ಹೇಳಿದಂತೆ ಹೇಳುವುದು ಮರ್ಯಾದೆ. ನಮ್ಮತ್ತೆಗೆ ಆಗ ಸಿಕ್ಕ ಆಸಾಮಿ ನನ್ನ ಐದು ತಿಂಗಳ ಕೂಸು. ನಾನು ಶುಂಠಿ ಜಜ್ಜಿ, ಬೆಲ್ಲ ಕರಗಿಸಿ, ಅರ್ಧ ತಾಯಿಯನ್ನು ಗಡಿಗೆಗೆ ಬಿಟ್ಟು, ಎಲ್ಲಿಡಲಿ ಎಂದು ಸುತ್ತ ನೋಡುತ್ತಿದ್ದಾಗ ಬಾಗಿಲ ಹಿಂದಿನಿಂದ ದನಿ ಬಂತು.

"ಏ ಕೂಸ, ನಿಮ್ಮಪ್ಪಗ ಹೇಳವ್ವ, ನಾನು ಅಂಬಲಿ ಇಡೋ ಮೂಲ್ಯಾಗ ಮರಳು ಐತಿ, ಅಲ್ಲಿಡು ಅಂತ."

ಕೂಸು ಬೆರಳು ಚೀಪುತ್ತಿತ್ತು.

ದಂಡಿನ ದೊಡ್ಡವರಿಗೇ ಮಾಡಿ ಕುಡಿಸಿದವನು ನಾನು. ಅಂಬಲಿ ಮೂಲೆಯ ಪಾಠ ನನಗೆ ಬೇಕೇ? ಅಂಗಳದಲ್ಲಿ ನನ್ನ ಕಣ್ಣಿಗೆ ಹಗೇವು ಬಿದ್ದಿತ್ತು. ಜೋಳ ತುಂಬಿಡಲು ನೆಲದಲ್ಲಿ ಎರಡಾಳು ಆಳಕ್ಕೆ ತೋಡಿದ ಗುಂಡಿ ಅದು; ಒಳಗೆ ಸುತ್ತಲೂ ಹುಲ್ಲು ಮೆತ್ತಿ, ಬಾಯಿಗೆ ಕಲ್ಲು ಮುಚ್ಚಿರುತ್ತಾರೆ. ಹಿಂದಿನ ದಿನವೇ ಜೋಳ ತೆಗೆದಿದ್ದರು. ನನ್ನ ಲೆಕ್ಕ ಸರಳವಾಗಿತ್ತು: ಮೊಣಕಾಲುದ್ದದ ಗುಂಡಿಯೇ ಇಷ್ಟು ತಂಪಾದರೆ ಎರಡಾಳುದ್ದದ್ದು ಇನ್ನೆಷ್ಟು ತಂಪಿರಬೇಡ!

"ಹಗೇವಿನ್ಯಾಗ ಇಳಿಸ್ತೀನಿ ಮಾವ."

ಮಾವ ಒಂದು ದೀಪ ಹಚ್ಚಿ ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟರು. ಅರ್ಧಕ್ಕೆ ಹೋಗಿ ಪುಸಕ್ಕನೆ ಆರಿತು. "ಮನುಷ್ಯಾರು ಇಳೀಬಾರದು, ಉಸಿರು ಕಟ್ಟತೈತಿ. ಗಡಿಗಿ ಬೇಕಾದ್ರ ಬಿಡ್ರಿ" ಅಂದರು.

ಬಾಗಿಲ ಹಿಂದಿನಿಂದ ಮತ್ತೆ ದನಿ: "ಏ ಕೂಸ, ಹಗೇವಿನ್ಯಾಗ ಜ್ವಾಳಾನ ಬೆವರ್ತಾವ, ನಿಮ್ಮಪ್ಪನ ಗಡಿಗಿ ಬೆವರೂದಿಲ್ಲೇನು ಅಂತ ಕೇಳವ್ವ."

ಕೂಸು ಕೇಳಲಿಲ್ಲ. ಅದರಪ್ಪನೂ ಕೇಳಲಿಲ್ಲ. ಗಡಿಗೆಯನ್ನು ಹಗ್ಗದಲ್ಲಿ ಇಳಿಸಿ, ಕಲ್ಲು ಮುಚ್ಚಿ, ಮೈಮುರಿದು ಮಲಗಿದೆ.

ಮಾರನೆಯ ಸಂಜೆ ಮೇಲೆಳೆದು ಹಿಂಗೈ ಇಟ್ಟೆ. ಗಡಿಗೆಯ ಹೊಟ್ಟೆ ಜ್ವರ ಬಂದವರ ಹಣೆಯಂತಿತ್ತು. ಗಾಳಿಯಾಡದ ಹಗೇವು ಜೋಳದ ಕಾವನ್ನು ಒಳಗೇ ಹಿಡಿದಿಟ್ಟಿತ್ತು. ನೊರೆ ಉಕ್ಕಿ ಬಾಯಿಬಟ್ಟೆಯನ್ನು ಹರಿದು ಹೊರಗೆ ಸುರಿದಿತ್ತು. ವಾಸನೆಯೋ, ಅಂಗಳವೆಲ್ಲ ಸೇಂದಿ ಅಂಗಡಿ! ಕಟ್ಟೆಯ ಮೇಲೆ ಕೂತ ಮಾವ ಮೂಗಿಗೆ ಧೋತರದ ಚುಂಗು ಹಿಡಿದರು.

"ಇದನ್ನ ನಾ ಕುಡೀಬೇಕೇನ್ರೀ ಅಳಿಯಂದಿರ?"

ನಿಜ ಹೇಳಬೇಕೆಂದರೆ ಆ ಗಡಿಗೆಯ ಮಟ್ಟಿಗೆ ಅವರ ಮಾತೇ ಸರಿ. ನನ್ನ ಕಸುಬಿನ ಗುಟ್ಟು ಇಷ್ಟೇ ನೋಡಿ: ತಂಪಿನಲ್ಲಿ ಹುಳಿತರೆ ಅದು ಶುಂಠಿ ನೀರು. ಸೆಕೆಯಲ್ಲಿ ಹುಳಿತರೆ ಮಾವನವರು ಹೇಳಿದ್ದೇ. ನಾನು ಗಡಿಗೆಯನ್ನು ತಿಪ್ಪೆಗೆ ಸುರಿದೆ. ಒಳಗೆ ಹೋಗಿ ತೊಟ್ಟಿಲ ಪಕ್ಕ ಕೂತೆ. ಕೂಸು ನನ್ನ ಬೆರಳು ಹಿಡಿದುಕೊಂಡಿತು. ಅದರ ಹಿಡಿತ ಬಿಡಿಸಿಕೊಂಡು ಖಾಲಿ ಬಂಡಿ ಹೊಡೆಯಬೇಕು, ಇಲ್ಲವೇ ಹತ್ತು ವರ್ಷ ಕೈಸುಟ್ಟುಕೊಂಡು ಕಲಿತ ಕೆಲಸ ಬಿಡಬೇಕು.

"ಧಂದೆ ಬಿಡ್ತೀನಿ, ನೀಲಾ" ಅಂದೆ.

"ಬಿಟ್ಟು? ಮನಿಮನಿ ಗಡಿಗಿ ಮುಟಗೋತ ಅಡ್ಡ್ಯಾಡ್ತೀರೇನು?" ಅವಳ ಕಣ್ಣು ಒದ್ದೆಯಾಗಿತ್ತು, ಆದರೂ ಮಾತು ಚುರುಕು. ತೊಟ್ಟಿಲ ಕೆಳಗೆ ಕೈಹಾಕಿ ಮೊಗೆ ಎಳೆದಳು. ಉಳಿದರ್ಧ ತಾಯಿ ಅದರಲ್ಲಿತ್ತು. ಕೂಸಿನ ಒದ್ದೆ ಬಟ್ಟೆ ಹಿಂಡುವ ಕೈಯಲ್ಲೇ ಅದಕ್ಕೂ ಬೇರೆ ಹಸಿ ಬಟ್ಟೆ ಸುತ್ತಿ, ಬೆಲ್ಲದ ಚೂರು ಉಣಿಸಿ ಬದುಕಿಸಿಟ್ಟಿದ್ದಳು.

ಅಷ್ಟರಲ್ಲಿ ಹೊರಗೆ ಅತ್ತೆಯ ದನಿ ಏರಿತು. ಈ ಸಲ ಕೂಸಿನ ಮಧ್ಯಸ್ಥಿಕೆ ಇಲ್ಲ, ನೇರ ಗಂಡನಿಗೇ.

"ನೀವು ದಿನಾ ಮುಂಜಾಲೆ ಕುಡಿಯೋ ಅಂಬಲಿ ಒಂದಿನ ಬಿಸಲಾಗ ಇಟ್ಟು ನೋಡ್ರಿ. ನೊರಿ ಬರತೈತೋ ಇಲ್ಲೋ? ಹಿಂಗ ನಾರತೈತೋ ಇಲ್ಲೋ? ಹಂಗಂತ ಇಷ್ಟು ವರ್ಷ ನಾ ನಿಮಗ ಹೆಂಡ ಕುಡಿಸೀನೇನು?"

ಅತ್ತೆಯ ಅಂಬಲಿಗೆ ಹೆಂಡ ಅನ್ನುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ. ಕೊನೆಗೆ ಮಾವ, "ಇನ್ನೊಂದು ಸರ್ತಿ ನೋಡೋಣು" ಅಂದರು. "ಒಂದ ಸರ್ತಿ."

ಎರಡನೇ ಗಡಿಗೆಗೆ ಯಜಮಾನಿ ಅತ್ತೆ. ನಾನು ಕೂಲಿಯಾಳು. ಹಳೆಯ ಗಡಿಗೆ ಬೇಡ, ಅದರ ಮೈಯ ಸಣ್ಣ ತೂತುಗಳೆಲ್ಲ ಮುಚ್ಚಿರುತ್ತವೆ, ನೀರು ಜಿನುಗುವ ಹೊಸದೇ ಬೇಕೆಂದು ಕುಂಬಾರರ ಮನೆಗೆ ಅಟ್ಟಿದರು. ಪಡುವಣ ಕಿಟಕಿಯ ಎದುರಿಗೆ, ಗಾಳಿ ಬೀಸುವ ದಾರಿಯಲ್ಲಿ ಮರಳು ಹಾಸಿ ಗಡಿಗೆ ಕೂರಿಸಿದರು. ಹತ್ತಿಯ ಹಳೇ ಸೀರೆಯನ್ನು ನಾಲ್ಕು ಮಡಿಕೆ ಸುತ್ತಿದರು. ಗೋಣಿಗಿಂತ ಅದು ಹೆಚ್ಚು ನೀರು ಹಿಡಿಯುತ್ತದಂತೆ. ಆಮೇಲೆ ಶುರುವಾಯಿತು ಅಪ್ಪಣೆ.

"ಏ ಕೂಸ, ಸೀರಿ ಒಣಗಾಕ ಬಂತು, ನಿಮ್ಮಪ್ಪಗ ಎರಡು ಕೊಡ ನೀರು ತಾ ಅನ್ನವ್ವ."

ಬಾವಿ ಊರ ಅಂಚಿನಲ್ಲಿತ್ತು, ನಲವತ್ತು ಮೆಟ್ಟಿಲು ಕೆಳಗೆ. ಅತ್ತೆಮನೆಯಲ್ಲಿ ಅಳಿಯ ಎಂದರೆ ಮಣೆಯ ಮೇಲೆ ಕೂತು ಹೋಳಿಗೆ ತಿನ್ನಬೇಕಾದವನು, ಕೈತೊಳೆಯುವ ನೀರನ್ನೂ ತಾನು ಬಗ್ಗಿಸಿಕೊಳ್ಳಬಾರದು. ಅಂಥವನು ಹೆಗಲ ಮೇಲೆ ಕೊಡ ಹೊತ್ತು ಓಣಿಯಲ್ಲಿ ಹೋಗುವುದನ್ನು ನೋಡಲು ಬಾಗಿಲು ಬಾಗಿಲಿಗೂ ಹೆಂಗಸರು ನಿಂತರು. ಬಾವಿಯ ಮೆಟ್ಟಿಲಲ್ಲಿ ಒಬ್ಬ ಮುದುಕಿ ಕೇಳಿಯೇ ಬಿಟ್ಟಳು.

"ಏನ್ರೀ ಬಳ್ಳಾರಿ ಅಳಿಯಂದಿರ, ಅತ್ತಿಮನಿ ಹೋಳಿಗಿ ಹೆಚ್ಚಾಗಿ ಕರಗಸಾಕ ಹತ್ತೀರೇನು?"

"ಇಲ್ಲಬೇ, ಹೋಳಿಗಿ ಇನ್ನೂ ಸಿಕ್ಕಿಲ್ಲ. ಅದಕ್ಕ ದುಡ್ಯಾಕ ಹತ್ತೀನಿ" ಅಂದೆ. ಬಾವಿಯೇ ನಕ್ಕಿತು.

ಮೊದಲ ದಿನ ಕಿವಿ ಕೆಂಪಾಗಿತ್ತು. ಎರಡನೇ ದಿನ ಹೆಗಲಿಗೆ ಲಯ ಸಿಕ್ಕಿತು. ಕೆಲಸ ನನಗೆ ಹೊಸದಲ್ಲವಲ್ಲ. ಹೋದೆ, ಬಂದೆ, ಸೀರೆ ತೋಯಿಸಿದೆ, ಹಿಂಗೈ ಇಟ್ಟೆ. ಹೊರಗೆ ಕಾಗೆಗಳು ಬಾಯಿ ತೆರೆದು ಕೂತಿದ್ದವು. ಒಳಗೆ ಗಡಿಗೆಯ ಹೊಟ್ಟೆ ಹೊಳೆಯ ಮರಳಿನ ಹಾಗೆ ತಣ್ಣಗಿತ್ತು. ಕಿವಿ ಇಟ್ಟರೆ ಯಾರೋ ಪಿಸುಗುಟ್ಟಿದಂತೆ ಸಣ್ಣ ಸದ್ದು. ನೀಲಮ್ಮ ಕೂಸಿನ ಕಿವಿಯನ್ನೂ ಗಡಿಗೆಗೆ ಹಚ್ಚಿ ಕೇಳಿಸಿದಳು. ನಮ್ಮವ್ವ ಮೊಗೆ ಹೂಳುತ್ತಿದ್ದದ್ದು ನನಗೆ ನೆನಪಾದದ್ದು ಆಗ, ಎಲ್ಲ ಆದ ಮೇಲೆ.

ಕಟ್ಟೆಯ ಮೇಲೆ ಕೂತ ಮಾವನಿಗೆ ಮಾತ್ರ ಒಂದೊಂದು ಕೊಡಕ್ಕೂ ಮುಜುಗರ ಏರುತ್ತಿತ್ತು. ಅಳಿಯ ನೀರು ಹೊತ್ತರೆ ಮಾನ ಹೋಗುವುದು ಅಳಿಯನದೊಂದೇ ಅಲ್ಲ. ಎರಡನೇ ಸಂಜೆ ತಡೆಯಲಾರದೆ ಅಂದರು: "ಸಾಕು ಬಿಡ್ರಿ ಅಳಿಯಂದಿರ, ಮಂದಿ ನಗಾಕ ಹತ್ಯಾರ."

"ನಗಲಿ ಬಿಡ್ರಿ ಮಾವ. ಗಡಿಗಿ ಬೆಚ್ಚಗಾದ್ರ ನಾ ಅಳಬೇಕಾಗತೈತಿ."

ಮಾವ ಎದ್ದು ಒಳಗೆ ಹೋಗಿ ಇನ್ನೊಂದು ಕೊಡ ತಂದು ನನ್ನ ಹಿಂದೆ ಬಾವಿಗೆ ನಡೆದರು. ಮಾವ ಅಳಿಯ ಇಬ್ಬರೂ ಕೊಡ ಹೊತ್ತು ಬರುವುದನ್ನು ನೋಡಿದ ಮೇಲೆ ಓಣಿಯಲ್ಲಿ ನಗು ತಾನಾಗಿ ನಿಂತಿತು. ಚನ್ನಬಸಪ್ಪನವರನ್ನು ನೋಡಿ ನಗುವ ಎದೆ ಯಾರಿಗೂ ಇರಲಿಲ್ಲ.

ಮೂರನೇ ದಿನ ಇಳಿಹೊತ್ತಿಗೆ ಬಾಯಿಬಟ್ಟೆ ಬಿಚ್ಚಿದೆ. ಮೊದಲು ಶುಂಠಿಯ ವಾಸನೆ, ಅದರ ಹಿಂದೆ ನಿಂಬೆ. ಇನ್ನೇನೂ ಇಲ್ಲ. ಬಟ್ಟೆಯಲ್ಲಿ ಸೋಸಿ ಕಂಚಿನ ಲೋಟಕ್ಕೆ ಹಾಕಿದೆ. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಸಾಲುಗಟ್ಟಿದವು.

ಮಾವ ಮೂಸಿದರು. ಎದೆಯ ಮೇಲಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಮತ್ತೊಂದು ಗುಟುಕು. ಆಮೇಲೆ ಲೋಟ ಎತ್ತಿ ಪೂರ್ತಿ ಸುರಿದುಕೊಂಡರು. ಅವರು ಕಟ್ಟೆಯ ಮೇಲೆ ನೆಟ್ಟಗೆ ಕೂತು, ತಲೆ ತಿರುಗುವುದೇ ಎಂದು ಕಾಯತೊಡಗಿದರು. ನಾವೂ ಕಾದೆವು. ಬಿಸಿಲು ಕಟ್ಟೆಯಿಂದ ಇಳಿದು ಅಂಗಳ ದಾಟಿ ದನದ ಕೊಟ್ಟಿಗೆಯ ಗೋಡೆ ಹತ್ತಿತು. ಇದ್ದಕ್ಕಿದ್ದ ಹಾಗೆ ಮಾವನ ಹೊಟ್ಟೆಯ ಆಳದಿಂದ ಒಂದು ತೇಗು ಹೊರಟಿತು. ಅಂಥ ತೇಗನ್ನು ನಾನು ಸೋಜರಿಂದಲೂ ಕೇಳಿಲ್ಲ. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಎದ್ದು, ಅಳುವ ಬದಲು ಕೇಕೆ ಹಾಕಿತು.

ಮಾವ ನಗಲಿಲ್ಲ. ಎದ್ದು, ಕೊಟ್ಟಿಗೆಗೆ ಹೋಗಿ ಕೀಲೆಣ್ಣೆಯ ಕೊಳವೆ ತಂದು, ನಾನು ತಂದಿದ್ದ ಬಂಡಿಯ ಅಚ್ಚಿಗೆ ಹಚ್ಚತೊಡಗಿದರು. ಹಚ್ಚುತ್ತಲೇ ಬಾಗಿಲ ಕಡೆ ತಿರುಗಿ, "ಮುಂಜಾಲೆ ತಂಪಿನ್ಯಾಗ ಹೊರಡಲಿ. ಬುತ್ತಿ ಕಟ್ಟು" ಅಂದರು.

ಬೆಳಿಗ್ಗೆ ಬಂಡಿ ತುಂಬಿತು. ತೊಟ್ಟಿಲು, ಹಾಸಿಗೆ, ಬುತ್ತಿಗಂಟು, ತಾಯಿಯ ಮೊಗೆ, ಕೂಸು, ಕೂಸಿನ ತಾಯಿ. ನಾನು ಹೆಮ್ಮೆಯಿಂದ ಹಸಿ ಸೀರೆ ಸುತ್ತಿದ ಗಡಿಗೆಯನ್ನೂ ಎತ್ತಿ ಹಿಂದುಗಡೆ ಹುಲ್ಲಿನ ನಡುವೆ ಭದ್ರವಾಗಿ ಕೂರಿಸಿದೆ. ಮಾವ ಬಂಡಿಯ ಸುತ್ತ ಒಂದು ಸುತ್ತು ಬಂದು, ಎಲ್ಲವನ್ನೂ ನೋಡಿ, ಕಂಚಿನ ಲೋಟ ಕೈಯಲ್ಲಿ ಹಿಡಿದೇ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಮಗಳನ್ನ ಒಯ್ರಿ, ಮೊಮ್ಮಗಳನ್ನ ಒಯ್ರಿ. ಗಡಿಗಿ ಮಾತ್ರ ಇಳಿಸ್ರಿ ಅಳಿಯಂದಿರ."